ಸಿಮ್ಯಾಂಟಿಕ್ ರೋಲ್ ಲೇಬಲಿಂಗ್‌ಗೆ ಪಾರ್ಸರ್ ಇನ್ನೂ ಬೇಕೇ?

ಪ್ರಶ್ನೆ: ನಾನು ಭಾಷಾ ತಂತ್ರಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿ. ವಾಕ್ಯವೊಂದರಲ್ಲಿ ಯಾರು, ಏನನ್ನು, ಯಾರಿಗೆ, ಯಾವುದರಿಂದ, ಎಲ್ಲಿ ಮಾಡಿದರು ಎಂಬುದನ್ನು ಗುರುತಿಸುವ ಸಿಮ್ಯಾಂಟಿಕ್ ರೋಲ್ ಲೇಬಲಿಂಗ್ ವ್ಯವಸ್ಥೆಯನ್ನು ಕಟ್ಟುತ್ತಿದ್ದೇನೆ. ಮೊದಲು ಇಂಗ್ಲಿಷ್‌ನಲ್ಲಿ ಮಾಡಿ, ಆಮೇಲೆ ಕನ್ನಡಕ್ಕೆ ತರುವ ಯೋಚನೆಯಿದೆ. ವಾಕ್ಯರಚನೆಯ ಮಾಹಿತಿಯೇ ಇಲ್ಲದೆ ನ್ಯೂರಲ್ ಮಾದರಿಗಳು ಚೆನ್ನಾಗಿ ಕೆಲಸ ಮಾಡುತ್ತವೆ ಎಂದು ಕೆಲವು ಪ್ರಬಂಧಗಳು ಹೇಳುತ್ತವೆ, ವಾಕ್ಯರಚನೆ ಸೇರಿಸಿದರೆ ಫಲಿತಾಂಶ ಸುಧಾರಿಸುತ್ತದೆ ಎಂದು ಇನ್ನು ಕೆಲವು ಹೇಳುತ್ತವೆ. ವಾಕ್ಯವನ್ನು ವಿಶ್ಲೇಷಿಸಿ ಪದಗಳ ವ್ಯಾಕರಣ ಸಂಬಂಧಗಳನ್ನು ವೃಕ್ಷವಾಗಿ ತೋರಿಸುವ ಪಾರ್ಸರ್ ಅನ್ನು ನಾನು ಜೋಡಿಸಬೇಕೇ? ಜೋಡಿಸುವುದಾದರೆ ಹೇಗೆ?

ಉತ್ತರ: ನೀವು ಓದಿದ ಎರಡೂ ಬಗೆಯ ಪ್ರಬಂಧಗಳ ಅಂಕಿಗಳು ಸರಿಯಾಗಿಯೇ ಇವೆ. ಅವು ಉತ್ತರಿಸುತ್ತಿರುವ ಪ್ರಶ್ನೆಗಳು ಬೇರೆ ಬೇರೆಯಾಗಿರುವುದರಿಂದ ಒಂದಕ್ಕೊಂದು ವಿರುದ್ಧವಾಗಿ ಕಾಣುತ್ತವೆ, ಅಷ್ಟೆ. ವಾಕ್ಯರಚನೆಯ ಅರಿವು ಈ ಕೆಲಸಕ್ಕೆ ಉಪಯುಕ್ತವೇ ಎಂದು ಕೇಳಿದರೆ ಬಹುಮಟ್ಟಿಗೆ ಹೌದು ಎನ್ನಬಹುದು. ಆದರೆ ನಿಮ್ಮ ಕೈಯಲ್ಲಿರುವ ಪಾರ್ಸರ್ ನಿಮ್ಮ ಪಠ್ಯದ ಮೇಲೆ ಕೊಡುವ, ತಪ್ಪುಗಳನ್ನೂ ಒಳಗೊಂಡ ವೃಕ್ಷವು, ನಿಮ್ಮ ಮಾದರಿ ತಾನಾಗಿಯೇ ಕಲಿತಿರುವುದಕ್ಕಿಂತ ಹೆಚ್ಚಿನದೇನನ್ನಾದರೂ ಹೇಳುತ್ತದೆಯೇ ಎಂದು ಕೇಳಿದರೆ, ಉತ್ತರವು ಭಾಷೆ, ಪಠ್ಯ ಮತ್ತು ದತ್ತಾಂಶದ ಪ್ರಮಾಣವನ್ನು ಅವಲಂಬಿಸಿ ಬದಲಾಗುತ್ತದೆ. ನಿಮ್ಮ ನಿಜವಾದ ಪ್ರಶ್ನೆ ಈ ಎರಡನೆಯದು. ಅದಕ್ಕೆ ಅಳತೆಯಿಂದ ಉತ್ತರ ಕಂಡುಕೊಳ್ಳಬೇಕೇ ಹೊರತು ಬೇರೆಯವರ ಕೋಷ್ಟಕಗಳಿಂದಲ್ಲ.

ಮೊದಲಿಗೆ ವಾಕ್ಯರಚನೆಗೂ ಅರ್ಥಪಾತ್ರಗಳಿಗೂ ಇರುವ ನಂಟು ಎಷ್ಟು ಗಟ್ಟಿ, ಎಲ್ಲಿ ಸಡಿಲ ಎಂಬುದನ್ನು ನೋಡೋಣ. ‘ಹುಡುಗ ಬಾಗಿಲು ತೆರೆದ’, ‘ಬಾಗಿಲು ತೆರೆಯಿತು’ ಎಂಬ ಎರಡು ವಾಕ್ಯಗಳಲ್ಲಿ ಕರ್ತೃಸ್ಥಾನದಲ್ಲಿರುವವರು ಬೇರೆ. ಆದರೆ ತೆರೆಯಲ್ಪಟ್ಟದ್ದು ಎರಡರಲ್ಲೂ ಬಾಗಿಲೇ. ಪಾತ್ರಗಳನ್ನು ಗುರುತಿಸಿದ ವಾಕ್ಯಗಳ ಸಂಗ್ರಹವಾದ ಪ್ರಾಪ್‌ಬ್ಯಾಂಕ್‌ನ ಪದ್ಧತಿಯಲ್ಲಿ ತೆರೆದವನಿಗೆ ಆರ್ಗ್0, ತೆರೆದುಕೊಂಡ ವಸ್ತುವಿಗೆ ಆರ್ಗ್1 ಎಂಬ ಗುರುತು ಬೀಳುತ್ತದೆ, ಮತ್ತು ಬಾಗಿಲು ವಾಕ್ಯದ ಯಾವ ಸ್ಥಾನದಲ್ಲಿದ್ದರೂ ಆರ್ಗ್1 ಆಗಿಯೇ ಉಳಿಯುತ್ತದೆ. ವೃಕ್ಷವು ಯಾವ ಪದ ಯಾವ ಕ್ರಿಯಾಪದಕ್ಕೆ ಸೇರಿದ್ದು ಎಂಬುದನ್ನು ಬಹಳ ಚೆನ್ನಾಗಿ ಹೇಳುತ್ತದೆ. ಸೇರಿದ ಪದದ ಪಾತ್ರವೇನು ಎಂಬುದನ್ನು ಅರ್ಧ ಮಾತ್ರ ಹೇಳುತ್ತದೆ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಸಂಗತಿಗಳು ಸ್ಪಷ್ಟವಾಗುತ್ತವೆ.

ಕನ್ನಡದಲ್ಲಿ ಈ ಸಡಿಲತೆ ಇನ್ನೂ ಎದ್ದು ಕಾಣುತ್ತದೆ. ‘ಹುಡುಗ ಓದಿದ ಪುಸ್ತಕ’, ‘ಪುಸ್ತಕ ಓದಿದ ಹುಡುಗ’, ‘ಹುಡುಗ ಓದಿದ ಶಾಲೆ’ ಎಂಬ ಮೂರನ್ನೂ, ಯಾವ ಪದ ಯಾವ ಪದಕ್ಕೆ ಅಧೀನ ಎಂದು ಗೆರೆಗಳಿಂದ ತೋರಿಸುವ ಅವಲಂಬನ ವೃಕ್ಷವಾಗಿ ಬರೆದರೆ, ‘ಓದಿದ’ ಎಂಬ ಕೃದಂತದಿಂದ ಮುಂದಿನ ನಾಮಪದಕ್ಕೆ ಹೋಗುವ ಗೆರೆ ಮೂರರಲ್ಲೂ ಒಂದೇ, ಅದರ ಮೇಲಿನ ಹೆಸರೂ ಒಂದೇ. ಆದರೆ ಮೊದಲನೆಯದರಲ್ಲಿ ಆ ನಾಮಪದ ಓದಲ್ಪಟ್ಟದ್ದು, ಎರಡನೆಯದರಲ್ಲಿ ಓದಿದವನು, ಮೂರನೆಯದರಲ್ಲಿ ಓದಿದ ಜಾಗ. ವಿಭಕ್ತಿ ಪ್ರತ್ಯಯದ ನೆರವೂ ಇಲ್ಲಿ ಸಿಗುವುದಿಲ್ಲ, ಏಕೆಂದರೆ ಆ ನಾಮಪದದ ವಿಭಕ್ತಿಯನ್ನು ನಿರ್ಧರಿಸುವುದು ಹೊರಗಿನ ಕ್ರಿಯಾಪದ. ಇಂಥ ಕಡೆ ಪಾತ್ರವನ್ನು ಕೊಡಬೇಕಾದದ್ದು ಪದಗಳ ಅರ್ಥ ಮತ್ತು ಆ ಕ್ರಿಯಾಪದಕ್ಕೆ ಇನ್ನೂ ಯಾವ ಸ್ಥಾನ ಖಾಲಿ ಉಳಿದಿದೆ ಎಂಬ ಲೆಕ್ಕ. ಪಾರ್ಸರ್ ಎಷ್ಟೇ ಚೆನ್ನಾಗಿದ್ದರೂ ಈ ಅರ್ಧವನ್ನು ಅದು ತುಂಬಿಕೊಡಲಾರದು.

ಹಾಗಿದ್ದರೂ ಒಂದು ಕಾಲದಲ್ಲಿ ಪಾರ್ಸರ್ ಇಲ್ಲದೆ ಈ ಕೆಲಸಕ್ಕೆ ಕೈಹಾಕುವುದೇ ಸಾಧ್ಯವಿಲ್ಲ ಎಂಬ ಅಭಿಪ್ರಾಯ ಬೇರೂರಿತ್ತು. ಡೇನಿಯಲ್ ಗಿಲ್ಡಿಯಾ ಮತ್ತು ಡೇನಿಯಲ್ ಜುರಾಫ್‌ಸ್ಕಿ 2002ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಕ್ರಿಯಾಪದದಿಂದ ಪದಗುಚ್ಛದವರೆಗೆ ವೃಕ್ಷದಲ್ಲಿ ಹತ್ತಿ ಇಳಿಯುವ ದಾರಿಯನ್ನೇ ಒಂದು ಲಕ್ಷಣವಾಗಿ ಬಳಸಿದರು. ಅದೇ ವರ್ಷ ಗಿಲ್ಡಿಯಾ ಮತ್ತು ಮಾರ್ಥಾ ಪಾಮರ್ ಪೂರ್ಣ ಪಾರ್ಸಿಂಗ್‌ನ ಅಗತ್ಯವನ್ನು ನೇರವಾಗಿ ವಾದಿಸಿದರು. ಆ ದಾರಿಯ ಲಕ್ಷಣಕ್ಕೆ ಒಂದು ದೊಡ್ಡ ದೋಷವಿತ್ತು: ವಾಕ್ಯ ಸ್ವಲ್ಪ ಉದ್ದವಾದರೆ ದಾರಿಯೂ ಉದ್ದವಾಗಿ, ತರಬೇತಿಯಲ್ಲಿ ಒಮ್ಮೆಯೂ ಕಾಣದ ದಾರಿಗಳು ಪರೀಕ್ಷೆಯಲ್ಲಿ ಎದುರಾಗುತ್ತಿದ್ದವು. ಮೈಕೆಲ್ ರಾತ್ ಮತ್ತು ಮಿರೆಲ್ಲಾ ಲಪಾಟಾ 2016ರಲ್ಲಿ ಆ ದಾರಿಯನ್ನು ಎಲ್‌ಎಸ್‌ಟಿಎಂ (ಸಾಲನ್ನು ಒಂದೊಂದಾಗಿ ಓದಿ ನೆನಪಿಟ್ಟುಕೊಳ್ಳುವ ನ್ಯೂರಲ್ ಜಾಲ) ಮೂಲಕ ಓದಿಸಿ ಒಂದು ಸದಿಶವಾಗಿ, ಅಂದರೆ ಸಂಖ್ಯೆಗಳ ಸಾಲಾಗಿ, ಮಾಡಿದ್ದು ಈ ದೋಷಕ್ಕೆ ನ್ಯೂರಲ್ ಪರಿಹಾರವಾಗಿತ್ತು.

ಇಲ್ಲಿ ಒಂದು ವಿಷಯವನ್ನು ಸಾಮಾನ್ಯವಾಗಿ ಯಾರೂ ಒತ್ತಿ ಹೇಳುವುದಿಲ್ಲ. ಇಂಗ್ಲಿಷ್ ಪ್ರಾಪ್‌ಬ್ಯಾಂಕ್ ಅನ್ನು ಪೆನ್ ಟ್ರೀಬ್ಯಾಂಕ್ ಎಂಬ ವೃಕ್ಷಸಂಗ್ರಹದ ವೃಕ್ಷಗಳ ಮೇಲೆಯೇ ಗುರುತು ಹಾಕಿ ಕಟ್ಟಲಾಯಿತು, ಅಂದರೆ ಗುರುತು ಹಾಕಿದವರು ವೃಕ್ಷದ ಗಂಟುಗಳನ್ನು ಆರಿಸಿ ಅವುಗಳಿಗೆ ಪಾತ್ರ ಕೊಟ್ಟರು. ಹೀಗಾಗಿ ಸರಿಯುತ್ತರದ ಪದಗುಚ್ಛಗಳ ಎಲ್ಲೆಗಳು ಬಹುತೇಕ ಎಲ್ಲ ಕಡೆ ವೃಕ್ಷದ ಎಲ್ಲೆಗಳೊಂದಿಗೆ ಹೊಂದಿಕೊಳ್ಳುತ್ತವೆ. ಈ ದತ್ತಾಂಶದ ಮೇಲೆ ವಾಕ್ಯರಚನೆ ಉಪಯುಕ್ತ ಎಂದು ತೋರುವುದರಲ್ಲಿ ಒಂದು ಪಾಲು ದತ್ತಾಂಶವನ್ನು ಕಟ್ಟಿದ ರೀತಿಯಿಂದಲೇ ಬಂದದ್ದು. ಹಿಂದಿ ಪ್ರಾಪ್‌ಬ್ಯಾಂಕ್‌ನಲ್ಲಿ ಈ ನಂಟು ಇನ್ನೂ ಬಿಗಿ: ಅದರ ಅಡಿಯಲ್ಲಿರುವ ಅವಲಂಬನ ವೃಕ್ಷಬ್ಯಾಂಕ್ ಪಾಣಿನೀಯ ಕಾರಕಗಳನ್ನು ಆಧರಿಸಿ ಕೆ1 (ಕರ್ತೃ), ಕೆ2 (ಕರ್ಮ) ಮುಂತಾದ ಹೆಸರುಗಳನ್ನು ಬಳಸುತ್ತದೆ, ಮತ್ತು ಕಾರಕ ಎನ್ನುವುದೇ ವಾಕ್ಯರಚನೆಗೂ ಅರ್ಥಕ್ಕೂ ನಡುವೆ ನಿಂತಿರುವ ಪರಿಕಲ್ಪನೆ. ಅಂಥ ವೃಕ್ಷವನ್ನು ಮಾದರಿಗೆ ಕೊಟ್ಟಾಗ ಅಂಕ ಏರಿದರೆ, ಆ ಏರಿಕೆಯಲ್ಲಿ ಎಷ್ಟು ಭಾಗ ಉತ್ತರವನ್ನೇ ಅರ್ಧ ಹೇಳಿಕೊಟ್ಟದ್ದರಿಂದ ಬಂದದ್ದು ಎಂದು ಕೇಳಿಕೊಳ್ಳಲೇಬೇಕು.

ತಿರುವು ಬಂದದ್ದು 2015ರಲ್ಲಿ. ಜೀ ಝೌ ಮತ್ತು ವೇ ಷು ಎಂಟು ಪದರಗಳ ಎಲ್‌ಎಸ್‌ಟಿಎಂ ಜಾಲವನ್ನು ಯಾವ ಪಾರ್ಸರ್‌ನ ನೆರವೂ ಇಲ್ಲದೆ ತರಬೇತುಗೊಳಿಸಿ ಹಿಂದಿನ ಫಲಿತಾಂಶಗಳನ್ನು ಮೀರಿಸಿದರು. 2017ರಲ್ಲಿ ಲುಹೆಂಗ್ ಹೆ ಮತ್ತು ಸಂಗಡಿಗರು ಅದೇ ದಾರಿಯಲ್ಲಿ ಮುಂದುವರಿದು, ಕೋನೆಲ್-2005 ಎಂಬ ಸ್ಪರ್ಧೆಯ ದತ್ತಾಂಶದ ವಾಲ್ ಸ್ಟ್ರೀಟ್ ಜರ್ನಲ್ ಭಾಗದಲ್ಲಿ ಒಂದೇ ಮಾದರಿಯಿಂದ 83.1 ಎಫ್1 (ನಿಖರತೆಯನ್ನೂ ವ್ಯಾಪ್ತಿಯನ್ನೂ ಒಟ್ಟಾಗಿ ಅಳೆಯುವ, ನೂರಕ್ಕೆ ಲೆಕ್ಕ ಹಾಕುವ ಅಂಕ) ಪಡೆದರು. 2005ರ ಸ್ಪರ್ಧೆಯ ಅತ್ಯುತ್ತಮ ವ್ಯವಸ್ಥೆ, ಹಲವು ಪಾರ್ಸರ್‌ಗಳ ಉತ್ತರಗಳನ್ನು ಒಟ್ಟುಗೂಡಿಸಿಯೂ ಇದೇ ಭಾಗದಲ್ಲಿ 79.44ಕ್ಕೆ ನಿಂತಿತ್ತು. ಇಷ್ಟನ್ನೇ ನೋಡಿದರೆ ಪಾರ್ಸರ್‌ನ ಕಾಲ ಮುಗಿಯಿತು ಎನ್ನಿಸುತ್ತದೆ. ಆದರೆ ಬ್ರೌನ್ ಕಾರ್ಪಸ್‌ನಿಂದ ತೆಗೆದ, ಪತ್ರಿಕಾ ಬರಹವಲ್ಲದ ಭಾಗದಲ್ಲಿ ಹಳೆಯ ವ್ಯವಸ್ಥೆಗೆ ಸಿಕ್ಕದ್ದು 67.75, ಹೊಸದಕ್ಕೆ ಸಿಕ್ಕದ್ದು 72.1. ಅಂದರೆ ಪಠ್ಯದ ಬಗೆ ಬದಲಾದಾಗ ಹಳೆಯದು ಸುಮಾರು ಹನ್ನೆರಡು ಅಂಕ ಕುಸಿದರೆ ಹೊಸದು ಹನ್ನೊಂದು ಅಂಕ ಕುಸಿಯಿತು. ಆಳವಾದ ಜಾಲವು ಎಲ್ಲೆಡೆ ಮಟ್ಟವನ್ನು ಏರಿಸಿತಾದರೂ ಆ ಕಂದಕವನ್ನು ಮುಚ್ಚಲಿಲ್ಲ. ನನ್ನ ದೃಷ್ಟಿಯಲ್ಲಿ ಆ ಕೋಷ್ಟಕದ ಅತ್ಯಂತ ಮುಖ್ಯ ಪಾಠ ಇದೇ. ಹೆ ಮತ್ತು ಸಂಗಡಿಗರೇ ತಮ್ಮ ದೋಷ ವಿಶ್ಲೇಷಣೆಯಲ್ಲಿ, ಮಾದರಿಯು ದೂರದ ನಂಟುಗಳನ್ನು ಚೆನ್ನಾಗಿ ಹಿಡಿಯುತ್ತದೆ, ಆದರೂ ಒಳ್ಳೆಯ ಪಾರ್ಸರ್‌ನಿಂದ ಸುಧಾರಣೆಗೆ ಇನ್ನೂ ಅವಕಾಶವಿದೆ ಎಂದು ತೋರಿಸಿದ್ದಾರೆ.

ಅದೇ ವರ್ಷದ ಇನ್ನೊಂದು ಜೋಡಿ ಪ್ರಬಂಧಗಳು ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರವಾಗಿವೆ, ಏಕೆಂದರೆ ಎರಡೂ ಬಹುಮಟ್ಟಿಗೆ ಒಂದೇ ಗುಂಪಿನಿಂದ ಬಂದವು. ಡಿಯೆಗೊ ಮಾರ್ಕೆಜ್ಜಾನಿ, ಆಂಟನ್ ಫ್ರೊಲೊವ್ ಮತ್ತು ಇವಾನ್ ಟಿಟೊವ್ ವಾಕ್ಯರಚನೆ ಬಳಸದ ಸರಳ ಮಾದರಿಯಿಂದ ಕೋನೆಲ್-2009ರ ಇಂಗ್ಲಿಷ್ ಪರೀಕ್ಷೆಯಲ್ಲಿ 87.7 ಪಡೆದರು. ಮಾರ್ಕೆಜ್ಜಾನಿ ಮತ್ತು ಟಿಟೊವ್ ಅದೇ ಬಗೆಯ ಮಾದರಿಯ ಮೇಲೆ ಗ್ರಾಫ್ ಕನ್ವಲ್ಯೂಷನಲ್ ನೆಟ್‌ವರ್ಕ್ ಕೂರಿಸಿ ಅವಲಂಬನ ವೃಕ್ಷವನ್ನು ಸೇರಿಸಿದಾಗ ಅದು 88.0 ಆಯಿತು. ಇಲ್ಲಿ ಪ್ರತಿಯೊಂದು ಪದದ ಸದಿಶವು ವೃಕ್ಷದಲ್ಲಿ ತನ್ನ ನೆರೆಯ ಪದಗಳ ಸದಿಶಗಳಿಂದ ಮಾಹಿತಿ ಪಡೆಯುತ್ತದೆ. ಗೆರೆಯ ದಿಕ್ಕು ಮತ್ತು ಅದರ ಮೇಲಿನ ಹೆಸರಿಗೆ ತಕ್ಕಂತೆ ಬೇರೆ ನಿಯತಾಂಕಗಳಿರುತ್ತವೆ. ಪ್ರತಿ ಗೆರೆಗೂ ಒಂದು ಗೇಟ್ ಇದ್ದು, ಪಾರ್ಸರ್ ತಪ್ಪಿರಬಹುದಾದ ಕಡೆ ಮಾದರಿ ಆ ಗೆರೆಯ ತೂಕವನ್ನು ತಗ್ಗಿಸಬಹುದು. ಕೆಳಗೆ ಎಲ್‌ಎಸ್‌ಟಿಎಂ ಇದ್ದಾಗ ಒಂದೇ ಪದರದ ಗ್ರಾಫ್ ಜಾಲ ಸಾಕಾಯಿತು, ಅದರ ಮೇಲೆ ಪದರ ಸೇರಿಸಿದ್ದರಿಂದ ಪ್ರಯೋಜನವಾಗಲಿಲ್ಲ ಎಂಬುದೂ ಗಮನಾರ್ಹ: ಹಲವು ಹೆಜ್ಜೆ ದೂರದ ಮಾಹಿತಿಯನ್ನು ಎಲ್‌ಎಸ್‌ಟಿಎಂ ಆಗಲೇ ಒಂದು ಮಟ್ಟಿಗೆ ತಂದುಕೊಟ್ಟಿತ್ತು. ಚೀನಿ ಭಾಷೆಯಲ್ಲಿ ಇದೇ ಸೇರ್ಪಡೆಯಿಂದ ಬಂದ ಲಾಭ ಇಂಗ್ಲಿಷ್‌ಗಿಂತ ಹೆಚ್ಚು.

ಆದರೆ ಬೇರೆ ಬಗೆಯ ಪಠ್ಯದ ಮೇಲೆ, ವಾಕ್ಯರಚನೆ ಬಳಸದ ಮೊದಲ ಮಾದರಿಗೆ 77.7 ಬಂದರೆ, ವೃಕ್ಷ ಸೇರಿಸಿದ ಮಾದರಿಗೆ ಬಂದದ್ದು 77.2. ಯಾವ ಜಾಗದಲ್ಲಿ ವಾಕ್ಯರಚನೆಯ ಆಸರೆ ಹೆಚ್ಚು ಬೇಕಾಗಿತ್ತೋ ಅಲ್ಲಿಯೇ ಅದು ಕೈಕೊಟ್ಟಿತು. ಕಾರಣ ಊಹಿಸುವುದು ಕಷ್ಟವಲ್ಲ. ಪಾರ್ಸರ್ ಕೂಡ ಪತ್ರಿಕಾ ಬರಹದ ಮೇಲೆ ಕಲಿತದ್ದು. ಹೊಸ ಪಠ್ಯದಲ್ಲಿ ಅದೂ ಎಡವುತ್ತದೆ, ಮತ್ತು ಎಡವಿದ ಉತ್ತರವನ್ನು ನಂಬಲು ಮಾದರಿಗೆ ತರಬೇತಿಯ ಹೊತ್ತಿನಲ್ಲಿ ಅಭ್ಯಾಸವಾಗಿಬಿಟ್ಟಿರುತ್ತದೆ. ಗೇಟ್‌ಗಳ ತೂಕವನ್ನು ಕಲಿತದ್ದು ಕೂಡ ಪಾರ್ಸರ್ ಚೆನ್ನಾಗಿ ಕೆಲಸ ಮಾಡಿದ ಪಠ್ಯದಲ್ಲೇ ಅಲ್ಲವೇ? ಆದ್ದರಿಂದ ವೃಕ್ಷವನ್ನು ನೇರವಾಗಿ ಒಳಸುರಿಯಾಗಿ ಕೊಡುವ ಯಾವುದೇ ವಿನ್ಯಾಸವನ್ನು, ಪಾರ್ಸರ್ ಬಲವಾಗಿರುವ ಪಠ್ಯದಲ್ಲಿ ಮಾತ್ರ ಪರೀಕ್ಷಿಸಿ ಒಪ್ಪಿಕೊಳ್ಳಬೇಡಿ.

ಈ ತೊಂದರೆಗೆ 2018ರಲ್ಲಿ ಎರಡು ಜಾಣ ಉತ್ತರಗಳು ಬಂದವು. ಎಮ್ಮಾ ಸ್ಟ್ರುಬೆಲ್ ಮತ್ತು ಸಂಗಡಿಗರ ಲಿಸಾ ಎಂಬ ಮಾದರಿಯಲ್ಲಿ ಪ್ರತಿ ಪದವೂ ಇತರ ಪದಗಳ ಕಡೆ ನೋಡಿ ಮಾಹಿತಿ ಪಡೆಯುವ ಸೆಲ್ಫ್ ಅಟೆನ್ಷನ್‌ನ ಹಲವು ತಲೆಗಳ (ಸಮಾನಾಂತರ ಘಟಕಗಳ) ಪೈಕಿ ಒಂದಕ್ಕೆ ಮಾತ್ರ ವಿಶೇಷ ಕೆಲಸ ಕೊಡಲಾಗಿದೆ: ಪ್ರತಿ ಪದವೂ ವೃಕ್ಷದಲ್ಲಿ ತನ್ನ ಒಡೆಯ ಪದದ ಕಡೆ ನೋಡಬೇಕು ಎಂದು ಅದನ್ನು ತರಬೇತುಗೊಳಿಸುತ್ತಾರೆ. ಉಳಿದ ತಲೆಗಳು ಸ್ವತಂತ್ರ. ಹೀಗೆ ಪಾರ್ಸಿಂಗ್ ಮತ್ತು ಪಾತ್ರಗಳ ಗುರುತಿಸುವಿಕೆ ಒಂದೇ ಜಾಲದಲ್ಲಿ ಒಟ್ಟಿಗೆ ನಡೆಯುತ್ತವೆ. ಮುಂದೆ ಇನ್ನೂ ಒಳ್ಳೆಯ ಪಾರ್ಸರ್ ಸಿಕ್ಕರೆ, ಮಾದರಿಯನ್ನು ಮತ್ತೆ ತರಬೇತುಗೊಳಿಸದೆಯೇ ಆ ಒಂದು ತಲೆಯ ಅಟೆನ್ಷನ್ ಜಾಗಕ್ಕೆ ಹೊಸ ಪಾರ್ಸರ್‌ನ ವೃಕ್ಷವನ್ನು ತಂದು ಕೂರಿಸಬಹುದು. ಬೇರೆ ಬಗೆಯ ಪಠ್ಯದಲ್ಲೂ ಈ ಮಾದರಿ ಹಿಂದಿನವುಗಳಿಗಿಂತ ಸ್ಪಷ್ಟವಾಗಿ ಮುಂದಿತ್ತು. ಸ್ವಭಾ ಸ್ವಯಂದೀಪ್ತಾ ಮತ್ತು ಸಂಗಡಿಗರ ಉತ್ತರ ಇನ್ನೂ ಹಗುರ. ಪದಗಳ ಒಂದು ಸಾಲು ವೃಕ್ಷದಲ್ಲಿ ಪದಗುಚ್ಛವಾಗುತ್ತದೆಯೇ, ಆಗುವುದಾದರೆ ಯಾವ ಬಗೆಯದು ಎಂದು ಊಹಿಸುವ ಉಪಕೆಲಸವನ್ನು ತರಬೇತಿಯಲ್ಲಿ ಮಾತ್ರ ಜೊತೆಗೆ ಕೊಟ್ಟು, ಬಳಕೆಯ ಹೊತ್ತಿಗೆ ಅದನ್ನು ಕಿತ್ತುಹಾಕುತ್ತಾರೆ. ಕಟ್ಟಡ ಎದ್ದ ಮೇಲೆ ಸಾರುವೆ ಬಿಚ್ಚುವ ಹಾಗೆ. ಬಳಕೆಯಲ್ಲಿ ಪಾರ್ಸರ್ ಇರುವುದೇ ಇಲ್ಲವಾದ್ದರಿಂದ ಅದರ ತಪ್ಪು ಮುಂದಿನ ಹಂತಕ್ಕೆ ಹರಿಯುವ ಪ್ರಶ್ನೆಯೂ ಇಲ್ಲ, ವೇಗಕ್ಕೂ ಧಕ್ಕೆಯಿಲ್ಲ. ವೃಕ್ಷಬ್ಯಾಂಕ್ ಮತ್ತು ಪಾತ್ರಗಳ ದತ್ತಾಂಶ ಒಂದೇ ವಾಕ್ಯಗಳದ್ದಾಗಿರಬೇಕೆಂಬ ಕಟ್ಟುಪಾಡೂ ಇಲ್ಲ. ನಿಮ್ಮಂತೆ ಕಡಿಮೆ ದತ್ತಾಂಶವಿರುವ ಭಾಷೆಗೆ ಹೊರಟವರಿಗೆ ಈ ಕೊನೆಯ ಅನುಕೂಲ ಬಹಳ ದೊಡ್ಡದು. ಇವೆರಡರ ನಡುವೆ ನಿಲ್ಲುವ ಇನ್ನೊಂದು ದಾರಿಯೂ ಇದೆ: ಪಾರ್ಸರ್ ಕೊನೆಗೆ ಆರಿಸಿದ ಒಂದೇ ವೃಕ್ಷವನ್ನು ಕೊಡುವ ಬದಲು, ಅದರ ಒಳಪದರಗಳ ಸದಿಶಗಳನ್ನು ಕೊಡುವುದು. ಎರಡು ವೃಕ್ಷಗಳ ನಡುವೆ ಪಾರ್ಸರ್ ತಡವರಿಸಿದ್ದರೆ ಆ ತಡವರಿಕೆಯೂ ಸದಿಶಗಳಲ್ಲಿ ಉಳಿದಿರುತ್ತದೆ.

ವೃಕ್ಷವನ್ನು ಜರಡಿಯಾಗಿ ಬಳಸುವ ಹಳೆಯ ಪದ್ಧತಿಯ ಬಗ್ಗೆ ಒಂದು ಎಚ್ಚರಿಕೆ. ಕ್ರಿಯಾಪದದಿಂದ ವೃಕ್ಷದಲ್ಲಿ ಬಹಳ ದೂರವಿರುವ ಪದಗಳು ಅದರ ಪಾತ್ರಗಳಾಗಿರುವುದು ವಿರಳವಾದ್ದರಿಂದ ಅವನ್ನು ಮೊದಲೇ ಕೈಬಿಡುವ ಪದ್ಧತಿ 2004ರಿಂದಲೂ ಇದೆ, ಮತ್ತು 2018ರಲ್ಲಿ ಶೆಶ್ಯಾ ಹೆ ಮತ್ತು ಸಂಗಡಿಗರು ಎಷ್ಟು ಹೆಜ್ಜೆ ದೂರದವರೆಗೆ ಉಳಿಸಿಕೊಳ್ಳಬೇಕು ಎಂಬುದನ್ನು ಹೊಂದಿಸಿಕೊಳ್ಳಬಹುದಾದ ರೂಪದಲ್ಲಿ ಅದನ್ನು ನ್ಯೂರಲ್ ಮಾದರಿಗೆ ತಂದರು. ಇಂಗ್ಲಿಷ್‌ಗೆ ಹೊಂದಿಸಿದ ದೂರವನ್ನು ಕನ್ನಡಕ್ಕೆ ಹಾಗೆಯೇ ತರುವುದು ಅಪಾಯ. ‘ಅವಳು ಕಡತವನ್ನು ಹುಡುಕಿ ತಂದು ಅಧಿಕಾರಿಗೆ ಕೊಟ್ಟಳು’ ಎಂಬ ವಾಕ್ಯದಲ್ಲಿ ‘ಅವಳು’ ಸಾಮಾನ್ಯವಾಗಿ ‘ಕೊಟ್ಟಳು’ ಎಂಬ ಮುಖ್ಯ ಕ್ರಿಯೆಗೆ ಅಂಟಿಕೊಳ್ಳುತ್ತದೆ. ಹುಡುಕಿದವಳೂ ತಂದವಳೂ ಅವಳೇ ಆದರೂ ಆ ಎರಡು ಕ್ರಿಯೆಗಳಿಂದ ಅವಳಿಗೆ ನೇರ ಗೆರೆಯಿಲ್ಲ. ‘ಕಡತ’ವಂತೂ ಮೂರು ಕ್ರಿಯೆಗಳಿಗೂ ಕರ್ಮ, ಆದರೆ ಗೆರೆ ಒಂದಕ್ಕೇ. ಪೂರ್ವಕಾಲ ಕೃದಂತಗಳ ಸರಪಳಿ ಉದ್ದವಾದಷ್ಟೂ ಬಿಗಿಯಾದ ಜರಡಿ ಸರಿಯುತ್ತರವನ್ನೇ ಸೋಸಿ ಹೊರಹಾಕುತ್ತದೆ. ಇಂಥ ಭಾಷೆಗಳಲ್ಲಿ ವೃಕ್ಷವನ್ನು ಮೆದುವಾದ ಸುಳಿವಾಗಿ ಬಳಸುವುದೇ ಮೇಲು, ಕಡ್ಡಾಯದ ಕಟ್ಟಾಗಿ ಅಲ್ಲ.

ಅಪಾರ ಪಠ್ಯದ ಮೇಲೆ ಪೂರ್ವತರಬೇತಿ ಪಡೆದ ದೊಡ್ಡ ಮಾದರಿಗಳು ಬಂದ ಮೇಲೆ ಲೆಕ್ಕ ಮತ್ತೊಮ್ಮೆ ಬದಲಾಯಿತು. 2018ರಲ್ಲಿ ಎಲ್ಮೋ ಎಂಬ ಅಂಥ ಮಾದರಿಯ ಸದಿಶಗಳನ್ನು ಸೇರಿಸಿದ್ದರಿಂದಲೇ ಆಂಟೊನೋಟ್ಸ್ ಎಂಬ ದತ್ತಾಂಶದಲ್ಲಿ ಅಂಕ 81.4ರಿಂದ 84.6ಕ್ಕೆ ಏರಿತು. ವಾಕ್ಯರಚನೆಯ ಯಾವ ಸೇರ್ಪಡೆಯೂ ಇಂಗ್ಲಿಷ್‌ನಲ್ಲಿ ಅಷ್ಟು ಸುಲಭವಾಗಿ ಮೂರು ಅಂಕ ತಂದುಕೊಟ್ಟದ್ದು ಅಪರೂಪ. ಬರ್ಟ್ ಎಂಬ ಇನ್ನೊಂದು ಅಂಥ ಮಾದರಿಯ ಸದಿಶಗಳಲ್ಲಿ ಅವಲಂಬನ ವೃಕ್ಷದ ಆಕಾರ ಬಹುಮಟ್ಟಿಗೆ ಅಡಗಿದೆ ಎಂದು ಜಾನ್ ಹೆವಿಟ್ ಮತ್ತು ಕ್ರಿಸ್ಟೊಫರ್ ಮ್ಯಾನಿಂಗ್ 2019ರಲ್ಲಿ ತೋರಿಸಿದರು. ಆದ್ದರಿಂದ ಬರ್ಟ್ ಬಗೆಯ ಮಾದರಿಗೆ ಪಾರ್ಸರ್ ಜೋಡಿಸಿದಾಗ ಇಂಗ್ಲಿಷ್ ಪತ್ರಿಕಾ ಬರಹದಲ್ಲಿ ಲಾಭ ಸಣ್ಣದಾಗಿರುವುದು ಆಶ್ಚರ್ಯವಲ್ಲ. ಆದರೆ ಮಾಹಿತಿ ಸದಿಶದಲ್ಲಿ ಇದೆ ಎಂದ ಮಾತ್ರಕ್ಕೆ ಪಾತ್ರಗಳನ್ನು ಗುರುತಿಸುವಾಗ ಮಾದರಿ ಅದನ್ನು ಬಳಸುತ್ತಿದೆ ಎಂದು ಹೇಳಲಾಗದು. ಹಾಗೆಯೇ, ಬಹುಭಾಷಾ ಮಾದರಿಯೊಂದು ಇಂಗ್ಲಿಷ್‌ನ ವಾಕ್ಯರಚನೆಯನ್ನು ಕಲಿತಷ್ಟು ಚೆನ್ನಾಗಿ, ತರಬೇತಿಯಲ್ಲಿ ಅಲ್ಪ ಪಠ್ಯ ಮಾತ್ರ ಕಂಡ ಭಾಷೆಯ ವಾಕ್ಯರಚನೆಯನ್ನೂ ಕಲಿತಿರುತ್ತದೆ ಎಂದು ನಂಬಲು ಕಾರಣವಿಲ್ಲ. ಇಲ್ಲಿ ಒಂದು ಇಕ್ಕಟ್ಟು ಇದೆ: ದೊಡ್ಡ ಮಾದರಿ ದುರ್ಬಲವಾಗಿರುವ ಭಾಷೆಗಳಲ್ಲೇ ಪಾರ್ಸರ್ ಕೂಡ ಸಾಮಾನ್ಯವಾಗಿ ದುರ್ಬಲ.

ಪ್ರಬಂಧಗಳ ಅಂಕಿಗಳನ್ನು ಹೋಲಿಸುವಾಗ ಎರಡು ಕಡೆ ಜಾರುವ ಸಂಭವ ಹೆಚ್ಚು. ಕೋನೆಲ್-2005ರದು ಪದಗುಚ್ಛಗಳ ಲೆಕ್ಕ, ಕೋನೆಲ್-2009ರದು ಮುಖ್ಯಪದಗಳ ಲೆಕ್ಕ; ಎರಡನೆಯದರ ಅಂಕದಲ್ಲಿ ಕ್ರಿಯಾಪದದ ಅರ್ಥಭೇದವನ್ನು ಸರಿಯಾಗಿ ಆರಿಸಿದ್ದಕ್ಕೂ ಪಾಲು ಸಿಗುತ್ತದೆ, ಅದು ಹೋಲಿಕೆಯಲ್ಲಿ ಸುಲಭದ ಕೆಲಸ. ಆದ್ದರಿಂದ 83 ಮತ್ತು 88ನ್ನು ಅಕ್ಕಪಕ್ಕ ಇಟ್ಟು ನೋಡುವುದರಲ್ಲಿ ಅರ್ಥವಿಲ್ಲ. ಇನ್ನೊಂದು, ಕ್ರಿಯಾಪದ ಯಾವುದೆಂದು ಮೊದಲೇ ಹೇಳಿಕೊಟ್ಟು ಅಳೆದ ಅಂಕವೂ, ಅದನ್ನೂ ಮಾದರಿಯೇ ಹುಡುಕಿಕೊಂಡಾಗ ಬಂದ ಅಂಕವೂ ಬೇರೆ.

ಇನ್ನು ನೀವು ಮಾಡಬೇಕಾದ ಕೆಲಸ. ಮೊದಲು ಪಾರ್ಸರ್ ಇಲ್ಲದ ಮಾದರಿಯನ್ನು, ಪೂರ್ವತರಬೇತಿ ಪಡೆದ ಎನ್‌ಕೋಡರ್ (ಬರ್ಟ್‌ನಂತೆ ಪದಗಳನ್ನು ಸದಿಶಗಳಾಗಿಸುವ ಮಾದರಿ) ಮೇಲೆ, ಸಾಧ್ಯವಾದಷ್ಟು ಚೆನ್ನಾಗಿ ಹೊಂದಿಸಿ. ಹಲವು ಪ್ರಬಂಧಗಳಲ್ಲಿ ವಾಕ್ಯರಚನೆ ಗೆದ್ದಂತೆ ಕಾಣುವುದು ಎದುರಿಗಿದ್ದ ಮಾದರಿಯನ್ನು ಸರಿಯಾಗಿ ಹೊಂದಿಸದಿದ್ದುದರಿಂದ ಎಂಬ ಗುಮಾನಿ ನನಗಿದೆ. ಅದಾದ ಮೇಲೆ, ಯಾವ ಪಾರ್ಸರ್‌ಗೂ ಕೈಹಾಕುವ ಮುನ್ನ, ಮನುಷ್ಯರು ಗುರುತಿಸಿದ ಸರಿಯಾದ ವೃಕ್ಷಗಳನ್ನೇ ಮಾದರಿಗೆ ಕೊಟ್ಟು ಅಂಕ ಎಷ್ಟು ಏರುತ್ತದೆ ನೋಡಿ. ಪಾರ್ಸರ್‌ನಿಂದ ನೀವು ನಿರೀಕ್ಷಿಸಬಹುದಾದ ಗರಿಷ್ಠ ಲಾಭ ಹೆಚ್ಚುಕಡಿಮೆ ಅಷ್ಟೇ. ಅದು ಒಂದು ಅಂಕಕ್ಕೂ ಕಡಿಮೆಯಿದ್ದರೆ ನಿಮ್ಮ ಸಮಯವನ್ನು ಹೆಚ್ಚಿನ ವಾಕ್ಯಗಳಿಗೆ ಗುರುತು ಹಾಕುವುದರಲ್ಲಿ ವಿನಿಯೋಗಿಸಿ. ಮೂರು ನಾಲ್ಕು ಅಂಕವಿದ್ದರೆ, ಅದೇ ಪ್ರಯೋಗವನ್ನು ನಿಜವಾದ ಪಾರ್ಸರ್‌ನ ವೃಕ್ಷಗಳೊಂದಿಗೆ ಮಾಡಿ, ಆ ಲಾಭದಲ್ಲಿ ಎಷ್ಟು ಉಳಿಯಿತು ನೋಡಿ. ತರಬೇತಿಗೂ ಪರೀಕ್ಷೆಗೂ ಒಂದೇ ಗುಣಮಟ್ಟದ ವೃಕ್ಷಗಳಿರಲಿ. ಸರಿಯಾದ ವೃಕ್ಷಗಳ ಮೇಲೆ ಕಲಿತ ಮಾದರಿ ತಪ್ಪು ವೃಕ್ಷಗಳನ್ನು ಅತಿಯಾಗಿ ನಂಬುತ್ತದೆ. ಪಾರ್ಸರ್ ತಾನೇ ಕಲಿತ ವಾಕ್ಯಗಳ ಮೇಲೆ ಅದರ ನಿಖರತೆ ಕೃತಕವಾಗಿ ಹೆಚ್ಚಿರುವುದರಿಂದ, ತರಬೇತಿ ದತ್ತಾಂಶವನ್ನು ಭಾಗಗಳಾಗಿ ಹಂಚಿ, ಪ್ರತಿ ಭಾಗವನ್ನೂ ಉಳಿದ ಭಾಗಗಳ ಮೇಲೆ ಕಲಿತ ಪಾರ್ಸರ್‌ನಿಂದ ಪಾರ್ಸ್ ಮಾಡಿಸುವುದು ವಾಡಿಕೆ.

ಜೋಡಿಸುವ ರೀತಿಯ ಬಗ್ಗೆ ನನ್ನ ಸಲಹೆ ಹೀಗಿದೆ. ಇಂಗ್ಲಿಷ್‌ಗೆ, ಪಾರ್ಸರ್ ಬಲವಾಗಿರುವುದರಿಂದ, ಗೇಟ್ ಇರುವ ಒಂದು ಪದರದ ಗ್ರಾಫ್ ಜಾಲ ಅಥವಾ ಲಿಸಾ ಬಗೆಯ ಒಂದು ಅಟೆನ್ಷನ್ ತಲೆ ಸಾಕು. ಕನ್ನಡಕ್ಕೆ ಸ್ವಯಂದೀಪ್ತಾ ಅವರ ರೀತಿಯ ಉಪಕೆಲಸದಿಂದ ಆರಂಭಿಸಿ. ಇರುವ ಅಲ್ಪ ವೃಕ್ಷ ದತ್ತಾಂಶವನ್ನು ತರಬೇತಿಯಲ್ಲಿ ಮಾತ್ರ ಬಳಸಿ, ಪಾರ್ಸರ್‌ನ ತಪ್ಪುಗಳಿಂದ ದೂರವಿರಿ. ಬರ್ಟ್ ಬಗೆಯ ಮಾದರಿ ಪದಗಳನ್ನು ತುಂಡುಗಳಾಗಿ ಒಡೆಯುತ್ತದೆ, ವೃಕ್ಷ ಇರುವುದು ಇಡೀ ಪದಗಳ ನಡುವೆ. ಪ್ರತ್ಯಯಗಳು ಸಾಲಾಗಿ ಅಂಟಿಕೊಳ್ಳುವ ಭಾಷೆಯಲ್ಲಿ ಮೊದಲ ತುಂಡಿನ ಸದಿಶವನ್ನೇ ಪದದ ಸದಿಶವೆಂದು ತೆಗೆದುಕೊಂಡರೆ ಕೊನೆಯಲ್ಲಿರುವ ವಿಭಕ್ತಿ ಹಿಂದೆ ಬೀಳಬಹುದು. ಪಾತ್ರವನ್ನು ಹೇಳುವುದು ಬಹಳಷ್ಟು ಸಲ ಆ ವಿಭಕ್ತಿಯೇ ಆದ್ದರಿಂದ, ಎಲ್ಲ ತುಂಡುಗಳ ಸರಾಸರಿಯನ್ನೂ, ಕೊನೆಯ ತುಂಡನ್ನೂ ಪರೀಕ್ಷಿಸಿ ನೋಡಿ. ಪ್ರತಿ ಪ್ರಯೋಗವನ್ನೂ ಬೇರೆ ಬೇರೆ ಆರಂಭಿಕ ಬೀಜಸಂಖ್ಯೆಗಳಿಂದ (ತರಬೇತಿಯ ಯಾದೃಚ್ಛಿಕ ಆರಂಭವನ್ನು ನಿರ್ಧರಿಸುವ ಸಂಖ್ಯೆಗಳಿಂದ) ನಡೆಸಿ, 0.3 ಅಂಕದ ಅಂತರ ಬೀಜಸಂಖ್ಯೆ ಬದಲಾದ ಮಾತ್ರಕ್ಕೆ ಬರುವುದುಂಟು.

ಕನ್ನಡದ ದತ್ತಾಂಶಕ್ಕೆ ಗುರುತು ಹಾಕಲು ಹೊರಡುವ ಮುನ್ನ ಇನ್ನೊಂದು ತೀರ್ಮಾನ ಆಗಬೇಕು. ‘ಎರಡೂ ಪುಸ್ತಕ ಓದಿ ಮುಗಿಸಿದೆ’ ಎಂಬ ವಾಕ್ಯದಲ್ಲಿ ಓದಿದವರು ಕ್ರಿಯಾಪದದ ಪ್ರತ್ಯಯದಲ್ಲಿ ಮಾತ್ರ ಇದ್ದಾರೆ. ಗುರುತು ಹಾಕಲು ಪದವೂ ಇಲ್ಲ, ವೃಕ್ಷದಲ್ಲಿ ಗಂಟೂ ಇಲ್ಲ. ಹಿಂದಿ ಪ್ರಾಪ್‌ಬ್ಯಾಂಕ್‌ನಲ್ಲಿ ಇಂಥ ಕಡೆ ಖಾಲಿ ಗಂಟುಗಳನ್ನು ಸೇರಿಸುತ್ತಾರೆ. ನೀವೂ ಹಾಗೆ ಮಾಡುವಿರಾದರೆ ಯಾವ ಸಾಮಾನ್ಯ ಪಾರ್ಸರ್ ಕೂಡ ಆ ಗಂಟನ್ನು ತಂದುಕೊಡುವುದಿಲ್ಲ, ಮತ್ತು ಅದನ್ನು ಊಹಿಸುವುದು ಪ್ರತ್ಯೇಕ ಕೆಲಸವಾಗುತ್ತದೆ. ಮಾಡದಿದ್ದರೆ ಆ ಪಾತ್ರಗಳು ಲೆಕ್ಕದಿಂದಲೇ ಹೊರಗುಳಿಯುತ್ತವೆ. ಯಾವುದನ್ನು ಆರಿಸಿದರೂ, ಸರಿಯಾದ ವೃಕ್ಷಗಳ ಪ್ರಯೋಗವನ್ನು ನಡೆಸುವುದಕ್ಕೆ ಮೊದಲೇ ಆರಿಸಿಕೊಳ್ಳಿ, ಏಕೆಂದರೆ ಆ ಪ್ರಯೋಗದಲ್ಲಿ ಬರುವ ಅಂಕಿ ಈ ಆಯ್ಕೆಗೆ ತಕ್ಕಂತೆ ಬದಲಾಗುತ್ತದೆ.